ಸೈಲೊ ಒಳಗಿನ ಟೊಳ್ಳು ಸದ್ದು

ಶ್ರೀರಾಂಪುರ, ಬೆಂಗಳೂರು

ಅಪ್ಪಾ, ನಿನ್ನ ಮಗಳು ಗೆದ್ದಿದ್ದಾಳೆ, ಮೊದಲು ಅದನ್ನು ಕೇಳು.

ಇಲ್ಲಿನ ಹಿಟ್ಟಿನ ಗಿರಣಿಯಲ್ಲಿ ಗೋದಿ ತುಂಬುವ ಕಾಂಕ್ರೀಟ್ ಗೋಪುರವಿದೆ, ಸೈಲೊ ಅನ್ನುತ್ತಾರೆ. ಹತ್ತು ಅಂತಸ್ತಿನ ಎತ್ತರ. ಮೇಲೆ ನಿಂತರೆ ಮಲ್ಲೇಶ್ವರದ ಮರಗಳೆಲ್ಲ ಸೊಪ್ಪಿನ ಮಡಿಯಂತೆ ಕಾಣುತ್ತವೆ. ಹೋದ ಮಳೆಗಾಲ ಒಳಗೆ ನೀರು ಜಿನುಗಿ ಗೋದಿ ಮೊಳಕೆಯೊಡೆದಿತ್ತಂತೆ. ಈ ಸಲವೂ ಸೋರಿದರೆ ಕೆಡವುವುದೆಂದು ಮಾಲೀಕರು ಹೇಳಿಬಿಟ್ಟಿದ್ದರು. ನಾವು ಗಾರೆ ಕೆಲಸದವರು ಹಗ್ಗದ ತೊಟ್ಟಿಲಲ್ಲಿ ಒಳಗಿಳಿದು ಬಿರುಕು ಮುಚ್ಚುತ್ತಿದ್ದೆವು. ನೀನು ಕಲಿಸಿದ ಹಾಗೆ ಸುತ್ತಿಗೆಯಿಂದ ತಟ್ಟುತ್ತ ಹೋದೆ. ಬಿರುಕೇ ಇಲ್ಲದ ಒಂದು ಕಡೆ ಟೊಳ್ಳು ಸದ್ದು ಬಂತು.

ಸೂಪರ್‌ವೈಸರ್ ವೆಂಕಟಪ್ಪನವರು, "ಅಲ್ಲೇನೂ ಇಲ್ಲಮ್ಮ, ಸುಮ್ನೆ ಟೈಮ್ ವೇಸ್ಟ್ ಮಾಡ್ಬೇಡಿ" ಅಂದರು.

"ಒಡದು ನೋಡೂಣ್ರಿ ಸರ್. ಏನೂ ಸಿಗಲಿಲ್ಲಂದ್ರ ನನ್ನ ಊರಿಗೆ ಕಳಸ್ರಿ" ಅಂದೆ.

ಒಡೆದರೆ ಒಳಗಿನ ಕಬ್ಬಿಣವೆಲ್ಲ ತುಕ್ಕು ಹಿಡಿದು ಪುಡಿಯಾಗಿತ್ತು! ನೀರು ಜಿನುಗುತ್ತಿದ್ದುದು ಅಲ್ಲಿಂದಲೇ. ಹೊಸ ಸರಳು ಕಟ್ಟಿ, ಒಳಗೋಡೆಗೆಲ್ಲ ಹೊಸ ಪದರ ಬಳಿದೆವು. ಗೋದಿ ತುಂಬಿದ ಮೇಲೆ ಮೂರು ದಿನ ಮಳೆ ಜಡಿಯಿತು. ನಿನ್ನೆ ಕೆಳಗಿನ ಬಾಗಿಲು ತೆರೆದಾಗ ವೆಂಕಟಪ್ಪನವರು ನಾಲ್ಕು ಕಾಳು ಬಾಯಿಗೆ ಹಾಕಿ ಕಟುಂ ಎಂದು ಕಡಿದು, "ಒಂದು ಕಾಳೂ ಮೆತ್ತಗಾಗಿಲ್ಲ! ಪಕ್ಕದ ಎರಡು ಸೈಲೊಗೂ ನೀವೇ ಮೇಸ್ತ್ರಿ ಕಣಮ್ಮ" ಅಂದರು. ನಮ್ಮ ತಂಡದವರೆಲ್ಲ ಶಿಳ್ಳೆ ಹೊಡೆದರು.

ಸಿಮೆಂಟಿಗೆ ಬೆರಳ ಚರ್ಮ ಸುಲಿದಿದೆ, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇನೆ, ಚಿಂತೆ ಬೇಡ. ನೀನು ಬಿಪಿ ಮಾತ್ರೆ ತಪ್ಪಿಸಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು. ಹೆಣ್ಣುಮಕ್ಕಳು ಕರಣೆ ಹಿಡಿಯಬಾರದು ಅಂದಿದ್ದ ದೊಡ್ಡಪ್ಪನಿಗೆ ಇದನ್ನು ಗಟ್ಟಿಯಾಗಿ ಓದಿ ಹೇಳು.

ನೀಲವ್ವ ಮೇಸ್ತ್ರಿ