ನಾಲ್ಕು ಸೆಕೆಂಡಿನ ಸಾವು

ಅಕ್ಟೋಬರ್ 9, ಸೋಮವಾರ

ತಪ್ಪೊಪ್ಪಿಗೆ. ಮೈರಾಮ್‌ಬೆಕ್ ಎಂಬ ನಾನು, ವಯಸ್ಸು ಮೂವತ್ತೆಂಟು, ಬಿಷ್ಕೆಕ್ ನಿವಾಸಿ, ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ ಬರೆಯುವುದೇನೆಂದರೆ — ಶುಕ್ರವಾರ ಸಂಜೆ ವಿಭಾಗದ ಫ್ರಿಜ್ಜಿನ ಪ್ಲಗ್ ಕಿತ್ತವನು ನಾನೇ. ನನ್ನ ಮೂರನೇ ಕಂಪ್ಯೂಟರಿಗೆ ಬೇರೆ ಸಾಕೆಟ್ ಇರಲಿಲ್ಲ. ಎರಡು ದಿನದ ರಜೆಯಲ್ಲಿ, ಸೈಕಾಲ್‌ಳ ಅಮ್ಮ ಕೈಯಾರೆ ಮಡಚಿ ಕಳಿಸಿದ್ದ ನಲವತ್ತೆರಡು ಮಾಂಸದ ಕಡುಬುಗಳು ಹುತಾತ್ಮರಾದರು.

ಇವತ್ತು ತನಿಖೆ. ಸಂಶಯವೆಲ್ಲ ಕಾವಲುಗಾರ ದಾವ್ಲೆತಣ್ಣನ ಮೇಲೆ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಸ್ವಲ್ಪ ಜಾಸ್ತಿಯೇ.

ಸೈಕಾಲ್ ನನ್ನ ಕೈಕೆಳಗೆ ಪಿಎಚ್.ಡಿ. ಮಾಡುವವಳು. ಕೈಕೆಳಗೆ ಎನ್ನುವುದು ಕಾಗದದಲ್ಲಿ ಮಾತ್ರ. ಹೊರಡುವಾಗ ಅಂದಳು: “ಅಣ್ಣ, ಮುನ್ನೂರ ನಲವತ್ತು ಮನೆ ಮೇಲೆ ನಿಗಾ ಇಡ್ತೀಯ. ಒಂದು ಫ್ರಿಜ್ ಮೇಲೆ ಇಡಕ್ಕಾಗ್ಲಿಲ್ವಾ?”

ಗೊತ್ತಿದ್ದೇ ಅಂದಳೋ, ಸುಮ್ಮನೆ ಅಂದಳೋ…

27ಕ್ಕೆ ನನ್ನ ಎರಡನೇ, ದೊಡ್ಡ ಡಾಕ್ಟರೇಟಿನ ಪ್ರಬಂಧದ ಸಮಿತಿ. ಅಲ್ಲಿ ಹೇಳಬೇಕಾದ್ದನ್ನು ಇಲ್ಲಿ ಅಭ್ಯಾಸ ಮಾಡಿಬಿಡುತ್ತೇನೆ. ಮಾನ್ಯರೇ, ಬೆಟ್ಟದ ಊರುಗಳ 340 ಮನೆಗಳಲ್ಲಿ ಒಂದೊಂದು ಪುಟ್ಟ ಡಬ್ಬಿ. ಇಂಟರ್ನೆಟ್ಟಿನಲ್ಲಿ ಡಬ್ಬಿಗಳು ಒಂದನ್ನೊಂದು ಕೇಳುತ್ತಿರುತ್ತವೆ — ಇದ್ದೀಯಾ? ಇದ್ದೀನಿ. ಉತ್ತರ ಬಾರದಿದ್ದರೆ ಉಳಿದ ಡಬ್ಬಿಗಳು ಮತ ಹಾಕುತ್ತವೆ. ಹೆಚ್ಚಿನವು ‘ಇಲ್ಲ’ ಎಂದರೆ ಆ ಮನೆ ನನ್ನ ಪರದೆಯಲ್ಲಿ ಕೆಂಪು. ಸತ್ತಿತು. ಯಜಮಾನ ಎಂಬ ಕಂಪ್ಯೂಟರ್ ಇಲ್ಲವೇ ಇಲ್ಲ. ಎಲ್ಲ ಸೇರಿ ಲೆಕ್ಕ ಹಂಚಿಕೊಳ್ಳುತ್ತವೆ. ಮದುವೆ ಮನೆಯಲ್ಲಿ ಕುರಿಯ ಪಾಲು ಹಂಚಿಕೊಂಡಂತೆ, ಆದರೆ ಜಗಳವಿಲ್ಲದೆ. ಮೊದಲು ಒಂದು ಸಾವು ತಿಳಿಯಲು ತೊಂಬತ್ತು ಸೆಕೆಂಡ್ ಬೇಕಿತ್ತು. ನನ್ನ ಹೊಸ ವಿಧಾನದಲ್ಲಿ ನಾಲ್ಕು. ಸುಳ್ಳು ಸಾವು ಸೊನ್ನೆ. ಈ ದೇಶದಲ್ಲಿ ಯಾವ ಮನೆ ಮಾತು ನಿಲ್ಲಿಸಿದರೂ ನಾಲ್ಕು ಸೆಕೆಂಡಿನಲ್ಲಿ ನನಗೆ ಗೊತ್ತು.

ಇಲ್ಲಿ ಚಪ್ಪಾಳೆ. ಬಾರದಿದ್ದರೆ ಸೈಕಾಲ್ ಶುರು ಮಾಡತಕ್ಕದ್ದು.

ಅಕ್ಟೋಬರ್ 11, ಬುಧವಾರ

ವಿಭಾಗದ ಮುಖ್ಯಸ್ಥೆ ಲ್ಯುಬೋವ್ ಪೆತ್ರೋವ್ನಾ ನಾಲ್ಕು ಸೆಕೆಂಡ್ ಕೇಳಿ ಕನ್ನಡಕ ತೆಗೆದರು. ಅವರ ಲೆಕ್ಕದಲ್ಲಿ ಅದು ಆಲಿಂಗನ. ಟೀವಿಯವರನ್ನು ಕರೆಸೋಣವೇ ಎಂದರು. ಬೇಡವೆಂದೆ.

ಟೀವಿಯವರು ಮೂರು ವರ್ಷದ ಹಿಂದೆ ಒಮ್ಮೆ ಬಂದಿದ್ದರು. ಮೈಕ್ ಕಂಡರೆ ನನಗೆ ಬುದ್ಧಿ ರಜೆ ಹಾಕುತ್ತದೆ. “ಇನ್ಮೇಲೆ ಕಂಬ ಹತ್ತೋ ಮುದುಕರು ಬೇಕಾಗಿಲ್ಲ” ಅಂದುಬಿಟ್ಟೆ. ನನ್ನೂರು ಅಟ್-ಬಾಶಿ ಇಡೀ ನೋಡಿತು. ಅಲ್ಲಿ ಕಂಬ ಹತ್ತುವ ಮುದುಕ ಒಬ್ಬರೇ — ಅಸನಾಕುನ್. ಅಮ್ಮನ ಅಣ್ಣ. ನಮ್ಮ ಮಾತಿನಲ್ಲಿ ತಾಯಕೆ. ಮೂವತ್ತೊಂದು ವರ್ಷ ಟೆಲಿಫೋನ್ ಲೈನ್‌ಮನ್. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವರು. ಕಂಬಕ್ಕೆ ಕಿವಿ ಹಚ್ಚಿ ತಂತಿ ಎಲ್ಲಿ ನರಳುತ್ತಿದೆ ಎಂದು ಕೇಳುವುದನ್ನು ಕಲಿಸಿದವರು. ನಾನು ಡಾಕ್ಟರೇಟ್ ಮಾಡಿದ್ದೆಲ್ಲ ಆ ಒಂದು ಕಿವಿಯ ಮೇಲೆ.

ಅವತ್ತಿನಿಂದ ಅವರು ಮಾತಾಡಿಲ್ಲ. ನಾನೂ. ನೆಟ್‌ವರ್ಕಿನ ಗಂಟು ಬಿಡಿಸುವವನು ಇದೊಂದು ನಂಟನ್ನು ಬಿಡಿಸಲಾರದೆ ಗಂಟು ಹಾಕಿಕೊಂಡು ಕೂತೆ.

ಅವರ ಮನೆಯಲ್ಲೂ ಡಬ್ಬಿ ಇದೆ. 217ನೇದು. ಅವರ ಹೆಂಡತಿ ಬುರುಲ್ಚಾ ಅತ್ತೆ ಅವರಿಗೆ ತಿಳಿಯದಂತೆ ರಜಾಯಿಗಳ ಅಟ್ಟಿಯ ಹಿಂದೆ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಮೊದಲು 217 ಹಸಿರಾಗಿದೆಯೇ ನೋಡುತ್ತೇನೆ. ಆಮೇಲೆ ಟೀ.

ಅಕ್ಟೋಬರ್ 19, ಗುರುವಾರ. ಮಧ್ಯಾಹ್ನ 3.40

217 ಕೆಂಪು. 3.12ಕ್ಕೆ.

ಅಟ್-ಬಾಶಿಯ ಉಳಿದ ಹನ್ನೊಂದು ಡಬ್ಬಿ ಹಸಿರು. ಕರೆಂಟ್ ಇದೆ. ಲೈನ್ ಇದೆ. ಆ ಮನೆಯೊಂದೇ ಇಲ್ಲ.

ಅತ್ತೆ ಒಂದು ದಿನವೂ ಅದರ ಪ್ಲಗ್ ಮುಟ್ಟಿದವರಲ್ಲ. ಡಬ್ಬಿ ಇರುವುದು ರಜಾಯಿಗಳ ಹಿಂದೆ. ನಮ್ಮ ಕಡೆ ಆ ಅಟ್ಟಿಯನ್ನು ಪೂರ್ತಿ ಎಳೆದು ಅಂಗಳಕ್ಕೆ ಒಯ್ಯುವುದು ಯಾವಾಗ ಎಂದು ನನಗೆ ಗೊತ್ತು. ಬರೆಯುವುದಿಲ್ಲ.

ಸಂಜೆ 4.50

ಅತ್ತೆಯ ಫೋನ್.

“ಮೈರಾಮ್, ನಾಳೆ ಒಂದ್ಸಲ ಬಂದು ಹೋಗಪ್ಪ. ಏನಿಲ್ಲ, ಎಲ್ಲಾರೂ ಚೆನ್ನಾಗಿದೀವಿ. ನಿನ್ನ ತಾಯಕೆನೂ ಚೆನ್ನಾಗಿದಾರೆ. ಸುಮ್ನೆ ಬಾ.”

ಯಾಕೆ ಎಂದು ಕೇಳಿದೆ. ಬಂದ ಮೇಲೆ ಹೇಳುತ್ತೇನೆ, ಎಲ್ಲರೂ ಚೆನ್ನಾಗಿದ್ದೇವೆ ಎಂದರು. ಹಿಂದೆ ಜನವೋ ಜನ. ಸೌದೆ ಸೀಳುವ ಸದ್ದು. ಕಡಾಯಿ ಎಳೆದ ಸದ್ದು. ಎಲ್ಲರೂ ಚೆನ್ನಾಗಿದ್ದೇವೆ ಎಂದು ಮೂರನೇ ಸಲ ಹೇಳಿ ಇಟ್ಟುಬಿಟ್ಟರು.

ಒಂದು ಸಲ ಹೇಳಿದ್ದರೆ ನಂಬುತ್ತಿದ್ದೆ. ಸಾವಿನ ಸುದ್ದಿಯನ್ನು ನಮ್ಮವರು ಫೋನಿನಲ್ಲಿ ಹೇಳುವುದಿಲ್ಲ. ಚೆನ್ನಾಗಿದ್ದೇವೆ, ಬಾ ಎನ್ನುತ್ತಾರೆ. ಬಂದವನನ್ನು ಕೂರಿಸಿ, ಸುತ್ತ ಹಿರಿಯರು ಕೂತು, ನಿಧಾನಕ್ಕೆ ಕಿವಿಗೆ ಹಾಕುತ್ತಾರೆ. ಅಪ್ಪ ಹೋದಾಗ ನನ್ನನ್ನು ಹಾಸ್ಟೆಲಿನಿಂದ ಕರೆಸಿದ್ದೂ ಹೀಗೇ. ಆಗಲೂ ಎಲ್ಲರೂ ಚೆನ್ನಾಗಿದ್ದರು.

ತಾಯಕೆಯ ನಂಬರಿಗೆ ಫೋನ್ ಮಾಡಲಿಲ್ಲ. ಹೋದವರಿಗೆ ಫೋನ್ ಮಾಡಿ ‘ಹೋದಿರಾ’ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಸೈಕಾಲ್ ಪರದೆ ನೋಡಿದಳು. ನನ್ನ ಮುಖ ನೋಡಿದಳು. ತಮಾಷೆ ಮಾಡಲಿಲ್ಲ. ಅದೇ ಎಲ್ಲಕ್ಕಿಂತ ಭಯ ಹುಟ್ಟಿಸಿತು.

ಅಕ್ಟೋಬರ್ 20, ಶುಕ್ರವಾರ. ಬೆಳಿಗ್ಗೆ 7.15

ಬಸ್ ನಿಲ್ದಾಣ. ನಾಲ್ಕು ಜನ ತುಂಬದೆ ಬಾಡಿಗೆ ಕಾರು ಹೊರಡುವುದಿಲ್ಲ. ಸಾವಿಗೆ ಹೋಗಬೇಕು ಎಂದೆ. ಡ್ರೈವರ್ ನನ್ನೊಬ್ಬನನ್ನೇ ಕೂರಿಸಿಕೊಂಡು ಹೊರಟ. ರೇಡಿಯೋ ಆರಿಸಿದ.

ಮೂರು ವರ್ಷ. ನೂರೈವತ್ತಾರು ಶುಕ್ರವಾರ. ಒಂದರಲ್ಲಾದರೂ…

ಅದೇ ದಿನ. ಗಂಟೆ ಗೊತ್ತಿಲ್ಲ

ಬರೆಯಲಾರೆ.

ಅಕ್ಟೋಬರ್ 22, ಭಾನುವಾರ

ಬಿಷ್ಕೆಕ್‌ಗೆ ವಾಪಸ್. ಈಗ ಬರೆಯಬಹುದು. ಇನ್ನೂ ಕಿವಿ ಗುಂಯ್ ಎನ್ನುತ್ತಿದೆ.

ಊರಿನ ತಿರುವಿನಲ್ಲೇ ಕಂಡಿತು. ತಾಯಕೆಯ ಅಂಗಳದಲ್ಲಿ, ನಮ್ಮಲ್ಲಿ ಹೆಣ ಇಡಲು ಹಾಕುವಂಥ ಉಣ್ಣೆಯ ಬಿಳಿ ಡೇರೆ ಎದ್ದಿತ್ತು. ಹೊಗೆ. ಬೇಲಿಯುದ್ದಕ್ಕೂ ಕಾರು, ಕುದುರೆ. ಡ್ರೈವರ್ ಟೋಪಿ ತೆಗೆದ. ನನ್ನಲ್ಲಿ ಉಳಿದಿದ್ದ ಒಂದು ಎಳೆ ಆಸೆಯೂ ಅಲ್ಲಿ ಕಡಿದುಹೋಯಿತು.

ಸಾವಿನ ಮನೆಗೆ ಗಂಡಸು ಸುಮ್ಮನೆ ಹೋಗುವಂತಿಲ್ಲ. ದೂರದಿಂದಲೇ ದನಿ ತೆಗೆದು ಅಳುತ್ತಾ ಹೋಗಬೇಕು. ಐವತ್ತು ಹೆಜ್ಜೆ ಇರುವಾಗಲೇ ಇಳಿದು ಶುರು ಮಾಡಿದೆ. ಶುರು ಮಾಡಿದೆ ಎಂದರೆ ಸುಳ್ಳು. ಅದೇ ಒಡೆದು ಬಂತು. ನಾನು ಒರಗಿದ ಬೆಟ್ಟವೇ ಎಂದೆ. ನನಗೆ ಕಿವಿ ಕೊಟ್ಟವನೇ ಎಂದೆ. ಟೀವಿಯಲ್ಲಿ ಆಡಿದ ನಾಲಿಗೆ ಸೇದಿಹೋಗಲಿ ಎಂದೆ. ನನ್ನ ಡಾಕ್ಟರೇಟೆಲ್ಲ ನಿನ್ನ ಏಣಿಯ ಒಂದು ಮೆಟ್ಟಿಲಿಗೆ ಸಮವಲ್ಲ ಎಂದೆ. ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. ಡ್ರೈವರ್ ನನ್ನ ತೋಳು ಹಿಡಿದು ತಾನೂ ಅಳುತ್ತಾ ಬಂದ — ಜನ್ಮದಲ್ಲಿ ಮುಖ ನೋಡದ ಮನುಷ್ಯನಿಗಾಗಿ.

ಬೇಲಿಯ ಬಳಿ ಕೂತಿದ್ದ ಇಬ್ಬರು ಮುದುಕರು ನನ್ನ ದನಿ ಕೇಳಿದ್ದೇ ಎದ್ದು, ಕೋಲಿಗೆ ಒರಗಿ, ತಾವೂ ಅಳತೊಡಗಿದರು. ಯಾರು ಸತ್ತರು ಎಂದು ಕೇಳಲಿಲ್ಲ. ನಮ್ಮಲ್ಲಿ ಅಳು ಮೊದಲು, ವಿಚಾರಣೆ ಆಮೇಲೆ. ಅವರ ಹಿಂದೆ ಇನ್ನೂ ನಾಲ್ವರು. ಒಲೆಯ ಬಳಿಯ ಹೆಂಗಸರೂ ದನಿ ಎತ್ತಿದರು. ಅರ್ಧ ನಿಮಿಷದಲ್ಲಿ ಇಡೀ ಅಂಗಳ ಅಳುತ್ತಿತ್ತು. ಅತ್ತೆ ಮಾತ್ರ ಸೌಟು ಹಿಡಿದು ಕಲ್ಲಾಗಿ ನಿಂತಿದ್ದರು.

ಆಗ ಡೇರೆಯ ಬಾಗಿಲು ಸರಿಯಿತು. ಹೊಸ ಕೋಟು ತೊಟ್ಟ ಒಬ್ಬ ಮುದುಕ, ಟೋಪಿ ಕೈಯಲ್ಲಿ ಹಿಡಿದು, ಕಣ್ಣು ಒದ್ದೆ ಮಾಡಿಕೊಂಡು ಕುಂಟುತ್ತಾ ಬಂದು, ನನ್ನ ಹೆಗಲು ಹಿಡಿದರು.

“ಯಾರಪ್ಪ? ಯಾರು ಹೋದರು?”

ತಾಯಕೆ.

ಇದ್ದ ಉತ್ತರ ಒಂದೇ.

“ನೀವು.”

ಅಳು ಒಂದೊಂದೇ ನಿಂತಿತು, ಡ್ರೈವರಿನದು ಕೊನೆಗೆ.

“ಯಾವಾಗ?” ಎಂದರು ತಾಯಕೆ.

“ನಿನ್ನೆ. ಮೂರು ಗಂಟೆ ಹನ್ನೆರಡು ನಿಮಿಷಕ್ಕೆ.”

ಅವರು ಬೆರಳಲ್ಲಿ ಗಂಟೆ ಎಣಿಸಿದರು. ಆ ಹೊತ್ತಿಗೆ ತಾನು ಕುರಿ ತೊಳೆಯುತ್ತಿದ್ದೆ ಎಂದರು. ಯಾರೂ ನಗಲಿಲ್ಲ. ನಗುವ ಮಾತೂ ಅಲ್ಲ. ಅವರಿಗೆ ಅಂದು ಅರವತ್ತಮೂರು ತುಂಬಿತ್ತು. ಪ್ರವಾದಿ ಬದುಕಿದ್ದಷ್ಟು ವಯಸ್ಸು. ಆ ವಯಸ್ಸು ಮುಟ್ಟಿದವನು ಡೇರೆ ಹಾಕಿಸಿ, ಊರಿಗೆ ಊಟ ಹಾಕಿ, ಎಲ್ಲರಿಂದ ಹಾರೈಕೆ ತೆಗೆದುಕೊಳ್ಳುವ ದಿನ. ಆ ದಿನ ನಾನು, ಸಾಕುಮಗ, ಅವರನ್ನು ಹೂತವನಂತೆ ಅತ್ತುಬಿಟ್ಟಿದ್ದೆ. ಊಟ ಎಂದರೆ ನಾನು ಬರುವುದಿಲ್ಲ ಎಂದು ಅತ್ತೆ ಬಾಯಿ ಬಿಟ್ಟಿರಲಿಲ್ಲ. ಅವರ ತಪ್ಪಲ್ಲ. ನಿಜಕ್ಕೂ ಬರುತ್ತಿರಲಿಲ್ಲ.

ಒಬ್ಬ ಮುದುಕ ಅಪಶಕುನ ಎಂದು ಗೊಣಗಿದ. ಇನ್ನೊಬ್ಬ ಇವನನ್ನು ಹೊರಗೆ ಕಳಿಸಿ ಎಂದ. ನಾನು ನೆಲ ನೋಡುತ್ತಿದ್ದೆ. ಅಲ್ಲಿಂದ ಆಚೆ ನನಗೆ ತಾಯಕೆ ಇದ್ದಾರೋ ಇಲ್ಲವೋ ಎಂಬುದು ಈಗ ಅವರಾಡುವ ಒಂದು ಮಾತಿನ ಮೇಲೆ ನಿಂತಿತ್ತು.

“ಏಣಿ ಹತ್ರ ನಿಲ್ಲಿಸಿದೆಯಲ್ಲ. ಮುಂದಕ್ಕೆ ಹೇಳು” ಎಂದರು ತಾಯಕೆ.

ಅರ್ಥವಾಗಲಿಲ್ಲ.

“ನಾನು ಸತ್ತ ಮೇಲೆ ನನಗೆ ಕೇಳ್ಸಲ್ಲ. ಅಳೋದಿದ್ರೆ ಈಗ್ಲೇ ಪೂರ್ತಿ ಅತ್ತುಬಿಡು.”

ಅಳಲಿಕ್ಕೆ ಬರಲಿಲ್ಲ. ಬಿಕ್ಕಳಿಕೆ ಬಂತು.

ಒಳಗೆ ಕರೆದೊಯ್ದು, ಡಬ್ಬಿ ಎಲ್ಲಿದೆ ಎಂದು ಕೇಳದೆ, ನೇರ ರಜಾಯಿ ಇದ್ದ ಮೂಲೆಗೆ ಹೋಗಿ ತೋರಿಸಿದರು. ಮಿಣಮಿಣ ಹಸಿರು. ಮೇಲೆ ಧೂಳಿನ ಒಂದು ಕಣವಿಲ್ಲ. ಅತ್ತೆ ತಾನು ಒರೆಸಿದ್ದಲ್ಲ ಎಂದರು. ಸುತ್ತ ಗೋಡೆಗೊರಗಿ ಮೂವತ್ತು ನಲವತ್ತು ಜನ ನೆಂಟರು, ಎರಡು ದಿನದಿಂದ ಅದೇ ಲೈನಿನಲ್ಲಿ ವಿಡಿಯೋ ನೋಡುತ್ತ, ದೂರದೂರಿನ ಮಕ್ಕಳಿಗೆ ಕುರಿ, ಕಡಾಯಿ, ಡೇರೆ ತೋರಿಸುತ್ತ ಕೂತಿದ್ದರು. ಲೈನ್ ಸತ್ತಿರಲಿಲ್ಲ. ಉಸಿರುಗಟ್ಟಿ ನಿಧಾನವಾಗಿತ್ತು.

“ನಿನ್ನ ಡಬ್ಬಿ ಎಷ್ಟೊತ್ತು ಕಾಯತ್ತೆ?” ಎಂದರು ತಾಯಕೆ.

ತೊಂಬತ್ತು ಸೆಕೆಂಡ್ ಎಂದೆ.

ತಮ್ಮ ಕಾಲದಲ್ಲಿ ಲೈನ್ ಸತ್ತಿದೆ ಎಂದು ಬರೆಯುವ ಮುಂಚೆ ಮೂರು ಸಲ ರಿಂಗ್ ಮಾಡಿ ಕಾಯುತ್ತಿದ್ದರಂತೆ. ಒಲೆ ಮುಂದಿನ ಮುದುಕಿ ಮೊಣಕಾಲು ಹಿಡಿದು ಎದ್ದು ಬರಲು ಹೊತ್ತು ಬೇಕಲ್ಲ ಎಂದರು. ಆಮೇಲೆ, ಬೇರೆ ಕಡೆ ನೋಡುತ್ತ, “ಫೋನ್ ಮಾಡಕ್ಕೇನಾಗಿತ್ತು ನಿನಗೆ?” ಎಂದರು. ಸಾವಿನ ಮನೆಗೆ ಯಾರಾದರೂ ಫೋನ್ ಮಾಡುತ್ತಾರೆಯೇ ಎಂದೆ. ಫೋನಿಟ್ಟ ಕೋಟಿನ ಜೇಬು ತಟ್ಟಿಕೊಂಡರು.

ಊಟಕ್ಕೆ ಕುರಿಯ ತಲೆ ಅವರ ಮುಂದೆ ಬಂತು. ಕೊಯ್ದು, ಒಂದು ಕಿವಿ ನನ್ನ ತಟ್ಟೆಗಿಟ್ಟರು. ದೊಡ್ಡವರ ಮಾತಿಗೆ ಕಿವಿಗೊಡಲಿ ಎಂದು ಮಕ್ಕಳಿಗೆ ಕೊಡುವ ಭಾಗ ಅದು. ಮೂವತ್ತೆಂಟರಲ್ಲಿ, ನೂರು ಜನರ ಎದುರು, ಕಿವಿ ತಿಂದೆ. ಸಭೆಯಲ್ಲಿ ಮೊದಲ ನಗು ಆಗ ಬಂತು. ಡ್ರೈವರ್‌ದೇ.

ಅಕ್ಟೋಬರ್ 25, ಬುಧವಾರ

ನಿಜ. ಡಬ್ಬಿ ಕಾಯುವುದು ತೊಂಬತ್ತು ಸೆಕೆಂಡ್ ಅಲ್ಲ, ನಾಲ್ಕು. ಹೊಸ ವಿಧಾನ ಎಂಬುದೇ ಇಲ್ಲ. ಅಕ್ಟೋಬರ್ 8ಕ್ಕೆ, ಪ್ರೋಗ್ರಾಮಿನಲ್ಲಿ 90 ಎಂದಿದ್ದಲ್ಲಿ 4 ಎಂದು ಬರೆದೆ. ಅಷ್ಟೇ. ಮೂರು ವರ್ಷದ ಸಂಶೋಧನೆಯ ಕಿರೀಟ — ಒಂದು ಅಂಕಿ.

ಸೈಕಾಲ್‌ಗೆ ಹೇಳಿದೆ. ಬೈಯಲಿಲ್ಲ. ಕೂತು ಎಣಿಸಿದಳು, ಒಂದೊಂದು ಮನೆಗೂ ಫೋನ್ ಮಾಡಿ. ಹದಿನೇಳು ದಿನದಲ್ಲಿ ನಾನು ಸಾಯಿಸಿದ ಮನೆ ಅರವತ್ತೊಂದು. ಐವತ್ತೆಂಟು ಮನೆಯವರು ಎತ್ತಿ “ಇದ್ದೀವಿ” ಎಂದರಂತೆ.

“ಸೊನ್ನೆ ಅಂದೆಯಲ್ಲಣ್ಣ, ಹೇಗೆ ಎಣಿಸಿದೆ?”

ಯಾರೂ ದೂರು ಕೊಡಲಿಲ್ಲ, ಅದನ್ನೇ ಸೊನ್ನೆ ಎಂದೆ. ಲ್ಯುಬೋವ್ ಪೆತ್ರೋವ್ನಾಗೂ ಹೇಳಿದೆ. ಕನ್ನಡಕ ಹಾಕಿಕೊಂಡರು. ಸಮಿತಿ ಮುಂದಕ್ಕೆ, ಬಹುಶಃ ವಸಂತಕ್ಕೆ.

ಅಕ್ಟೋಬರ್ 26, ಗುರುವಾರ

ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ಆದರೂ ಇದಕ್ಕೇ ಸುಳ್ಳು ಹೇಳಿದ್ದೇನೆ. ಹೋದ ಗುರುವಾರ ತಾಯಕೆಗೆ ಫೋನ್ ಮಾಡಲಿಲ್ಲ ಎಂದು ಬರೆದಿದ್ದೆ.

ಮಾಡಿದ್ದೆ. 3.25ಕ್ಕೆ. ಒಂದೇ ಒಂದು ಸಲ ರಿಂಗ್ ಆಯಿತು. ಕತ್ತರಿಸಿಬಿಟ್ಟೆ.

ಎತ್ತದಿದ್ದರೆ ಎಂಬ ಭಯ ಅಂದುಕೊಂಡಿದ್ದೆ. ಅಲ್ಲ. ಎತ್ತಿಬಿಟ್ಟರೆ ಎಂಬ ಭಯ. ಎತ್ತಿ ‘ಹೇಳು’ ಅಂದರೆ ಏನು ಹೇಳಲಿ? ಸತ್ತ ತಾಯಕೆಗಾಗಿ ಆರು ಗಂಟೆ ಪ್ರಯಾಣ ಮಾಡಬಲ್ಲೆ, ಊರು ಕೇಳುವಂತೆ ಅಳಬಲ್ಲೆ. ಬದುಕಿರುವವರಿಗೆ ಒಂದು ಹಲೋ ಹೇಳಲು ಬರಲಿಲ್ಲ. ಇದ್ದಾರೋ ಇಲ್ಲವೋ ಎಂದು ನಾಲ್ಕು ಸೆಕೆಂಡಿನಲ್ಲಿ ತಿಳಿಯುವವನಂತೆ ನಾನು.

ಆ ಮಿಸ್ಡ್ ಕಾಲ್ ಅವರ ಫೋನಿನಲ್ಲಿ ಇದ್ದೇ ಇರುತ್ತದೆ. ಹಾಗಾದರೆ ಫೋನ್ ಮಾಡಕ್ಕೇನಾಗಿತ್ತು ಎಂದು ಕೇಳಿದಾಗ, ಜೇಬು ತಟ್ಟಿಕೊಂಡಾಗ, ಅವರಿಗೆ ಮೊದಲೇ ಗೊತ್ತಿತ್ತು — ನಾನು ಮಾಡಿ ಕತ್ತರಿಸಿದ್ದು.