ತೌಡು ತಿಂದ ಮೀನು ಯಾರದು?

ತಮೋನಾಶ್‌ದಾ,

ಬಿರೇನ್ ಸಾಹಾ ಊರಿನವರ ಉಳಿತಾಯ ನುಂಗಿ, ಆ ದುಡ್ಡಿನಲ್ಲಿ ಕೊಂಡಿದ್ದ ಕೆರೆಯನ್ನು ನೀವು ಅವನ ವಕೀಲರಾಗಿ ನಿಂತು ಅವನಿಗೇ ಬಿಡಿಸಿಕೊಟ್ಟಿದ್ದೀರಿ. ಇದು ಅನ್ಯಾಯ. ಮೊದಲೇ ಬರೆದುಬಿಡುತ್ತೇನೆ, ಮುಂದೆ ಹೋದಂತೆ ನನಗೆ ಇಷ್ಟು ಖಚಿತವಾಗಿ ಏನೂ ಉಳಿಯುವುದಿಲ್ಲ.

ಅಕ್ರಮ ಹಣದ ಕೇಸಿನಲ್ಲಿ ಅಧಿಕಾರಿಗಳು ಕೆರೆಯನ್ನು ತಾತ್ಕಾಲಿಕವಾಗಿ ಜಪ್ತಿ ಮಾಡಿ ದಡದಲ್ಲಿ ಬೋರ್ಡು ನೆಟ್ಟು ಹೋದರಲ್ಲ, ಅಂದಿನಿಂದ ದುಡ್ಡು ಕಳೆದುಕೊಂಡ ಹೆಂಗಸರು ಅದು ತಮ್ಮದೇ ಆಯಿತೆಂದುಕೊಂಡರು. ಕೇಸು ಮುಗಿದ ಮೇಲೆ ಮಾರಿ ದುಡ್ಡು ಹಂಚುತ್ತಾರೆ, ಅಲ್ಲಿಯವರೆಗೆ ಮೀನು ಸೊರಗಬಾರದು ಎಂದು. ಮಗಳ ಮದುವೆಗೆ ಕೂಡಿಟ್ಟದ್ದನ್ನೆಲ್ಲ ಸಾಹಾನ ಕಂಪನಿಗೆ ಕಟ್ಟಿದ್ದ ನನ್ನ ಚಿಕ್ಕಮ್ಮ ಬುಲುಮಾಸಿ ದಿನಾ ತೌಡು ಚೆಲ್ಲಿದಳು. ನಾನು ನಕ್ಕರೆ, "ಸರ್ಕಾರ ಬೋರ್ಡು ಹಾಕ್ತದೆ ಕಣೇ, ತೌಡು ಹಾಕ್ತದಾ? ಮೀನಿಗೇನು ಗೊತ್ತು ಕೇಸು ಗೀಸು" ಅನ್ನುತ್ತಿದ್ದಳು.

ಕಾನೂನಿನ ಪ್ರಕಾರ ನೂರೆಂಬತ್ತು ದಿನದೊಳಗೆ ದೆಹಲಿಯ ಪ್ರಾಧಿಕಾರದಲ್ಲಿ ಜಪ್ತಿ ಖಾಯಂ ಆಗಬೇಕಿತ್ತು. ಆಗಲಿಲ್ಲ. ಯಾಕೆಂದು ಯಾರೂ ಹೇಳಲಿಲ್ಲ. ನೀವು ಹೈಕೋರ್ಟಿನಲ್ಲಿ ಗಡುವು ಮೀರಿತು ಎಂದಿರಿ, ಜಪ್ತಿ ಬಿದ್ದುಹೋಯಿತು. ಕೇಸು ಇನ್ನೂ ಇದೆಯಂತೆ, ಕೆರೆ ಮಾತ್ರ ಕೈತಪ್ಪಿತು. ಈ ಭಾನುವಾರ ಸಾಹಾ ಮೀನೆಲ್ಲ ಬಲೆಗೆಳೆದು ಕೆರೆಯನ್ನು ಮಾರುತ್ತಾನೆ.

ಬೈಯಲೆಂದೇ ಕುಳಿತೆ. ಅಪ್ಪನ ಸೈಕಲ್ ನೆನಪಾಯಿತು. ಮೆರವಣಿಗೆಯ ದಿನ ಪೊಲೀಸರು ಹಿಡಿದು ಠಾಣೆಯ ಹಿತ್ತಲಿಗೆ ಎಸೆದದ್ದು, ಹಾಗಲಬಳ್ಳಿ ಹಬ್ಬಿದರೂ ಬಿಡಲಿಲ್ಲ. ಅದನ್ನು ತೋರಿಸಿ ನೀವೇ ಹೇಳಿದ್ದಿರಿ: "ನೋಡೇ ಉಜಾನಿ, ಹಿಡಿದವನ ಕೈಗೆ ಗಡಿಯಾರ ಕಟ್ಟದಿದ್ರೆ ಅವನು ಬಿಡೋದೇ ಇಲ್ಲ." ಅದನ್ನೇ ಕರಪತ್ರ ಮಾಡಿ ಗೋಡೆಗೋಡೆಗೆ ಅಂಟಿಸಿದೆ. ಸಾಹಾನ ಕಾಂಪೌಂಡಿನ ಮೇಲೂ ಒಂದಿದೆ. ಮೊನ್ನೆ ಅವನು ಸಿಹಿ ಹಿಡಿದು ಬಂದು, "ನಿನ್ನ ಮಾತೇ ಗೆಲ್ತಲ್ಲಮ್ಮಾ" ಎಂದ. ನಾನು ಸಿಹಿ ಮುಟ್ಟಲಿಲ್ಲ.

ಕರಪತ್ರ ಹರಿಯಲು ಹೋದೆ. ಕೈ ಬರಲಿಲ್ಲ; ಅದರಲ್ಲಿದ್ದ ಮಾತು ಸುಳ್ಳಲ್ಲ. ಗಡಿಯಾರ ಕಟ್ಟಿದ್ದು ಅಧಿಕಾರಿಗಳಿಗೆ, ತಡಮಾಡಿದ್ದೂ ಅವರೇ. ದಂಡ ಮಾತ್ರ ಮಾಸಿಗೆ ಯಾಕೆ ಬಿತ್ತು? ಗಡುವೇ ಬೇಡವೆಂದರೆ ಅಪ್ಪನ ಸೈಕಲ್ಲಿಗೆ ಏನು ಹೇಳಲಿ?

ಮಾಸಿ ಇವತ್ತೂ ತೌಡು ಚೆಲ್ಲಿದಳು. ಮೀನು ಈಗ ಅವನದು ಎಂದೆ. "ಹಸಿವು ಯಾರದು ಅಂತ ಕೇಳಿ ಹಾಕ್ತಾರೇನೇ?" ಎಂದಳು.

ಬಲೆ ಬೀಸದಂತೆ ಹೆಂಗಸರು ನೀರಿಗಿಳಿದು ನಿಲ್ಲುತ್ತಾರೆ. ಸರಿಯೋ ತಪ್ಪೋ ತಿಳಿಯದೆ ನಾನೂ ಇಳಿಯುತ್ತೇನೆ. ನೀವು ಬನ್ನಿ. ನ್ಯಾಯಾಧೀಶರಿಗೆ ಹೇಳಿದ್ದನ್ನು ಮಾಸಿಗೆ ಅರ್ಥವಾಗುವಂತೆ ಹೇಳಿ. ನನಗೆ ಅರ್ಥವಾದರೂ ಸಾಕು.

ನಿಮಗೆ ಒಳ್ಳೆಯದಾಗಲಿ; ಅದು ಸಾಹಾನ ಒಳ್ಳೆಯದಾಗದಿರಲಿ.

ನಿಮ್ಮಿಂದಲೇ ಜಗಳ ಕಲಿತ
ಉಜಾನಿ

ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಕೆರೆಯ ಮೆಟ್ಟಿಲ ಹತ್ತಿರ.