ನನ್ನ ಮಗಳ ಕಡತವನ್ನು ‘ಕೂಲಂಕುಶ’ವಾಗಿ ಪರಿಶೀಲಿಸಿದವರಿಗೆ

ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ವಿಮಾ ಸಂಸ್ಥೆಯ ಐದನೆಯ ಮಹಡಿಯಲ್ಲಿ ಕೂತು, ಯಾರಿಗೆ ಚಿಕಿತ್ಸೆ ಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸುವ ಕೆಲಸ ತಮ್ಮದು. ಹದಿಮೂರು ವರ್ಷದ ನನ್ನ ಮಗಳ ಮನಸ್ಸಿನ ಕಾಯಿಲೆಗೆ ಚಿಕಿತ್ಸೆಯ ಅಗತ್ಯವಿಲ್ಲವೆಂದು ತಾವು ಎರಡು ಸಲ ಸಹಿ ಹಾಕಿದ್ದೀರಿ. ಅವಳನ್ನು ನೋಡದೆ, ಅವಳ ವೈದ್ಯರೊಡನೆ ಒಂದು ಮಾತೂ ಆಡದೆ, ಅವಳು ಹೆಣ್ಣೋ ಗಂಡೋ ಎಂಬುದನ್ನೂ ತಿಳಿಯದೆ. ಈ ಪತ್ರವನ್ನು ಖಾಸಗಿಯಾಗಿ ಕಳುಹಿಸಬಹುದಿತ್ತು. ನಾಲ್ಕು ಸಲ ಕಳುಹಿಸಿಯೂ ಆಯಿತು. ತಾವು ಓದುವವರಲ್ಲ ಎಂದು ಖಚಿತವಾದ ಮೇಲೆ, ಊರೆಲ್ಲ ಓದಲಿ ಎಂದು ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಸೌಜನ್ಯಕ್ಕೆ ‘ಮಾನ್ಯ’ ಎಂದಿದ್ದೇನೆ. ಅದನ್ನು ಗೌರವವೆಂದು ತಪ್ಪು ತಿಳಿಯಬೇಡಿ.

ನಾನು ಮುದ್ರಣಾಲಯವೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕರಡು ತಿದ್ದುವವನು. ಹೆಂಡತಿ ಬಸ್ ಡಿಪೋದ ಟಿಕೆಟ್ ಕೌಂಟರಿನಲ್ಲಿದ್ದಾಳೆ. ಅವಳ ನೌಕರಿಯ ಮೂಲಕವೇ ನಾವು ಮೂವರೂ ತಮ್ಮ ವಿಮೆಯ ಆಶ್ರಯಕ್ಕೆ ಬಂದದ್ದು. ಮಗಳನ್ನು ಮನೆಯಲ್ಲಿ ‘ರೇಡಿಯೊ’ ಎಂದೇ ಕರೆಯುತ್ತಿದ್ದೆವು. ಬೆಳಿಗ್ಗೆ ಕಣ್ಣು ಬಿಟ್ಟಲ್ಲಿಂದ ಹಾಸಿಗೆ ಸೇರುವವರೆಗೆ ಅವಳ ಪ್ರಸಾರ ನಿಲ್ಲುತ್ತಿರಲಿಲ್ಲ. ಎದುರು ಮನೆಯವರು ಯಾವ ಬಣ್ಣದ ಪರದೆ ಹಾಕಿದರು, ಗಣಿತದ ಮೇಷ್ಟ್ರು ಎಷ್ಟು ಸಲ ಮೂಗು ಒರೆಸಿಕೊಂಡರು, ಎಲ್ಲವೂ ನಮ್ಮ ಅಡುಗೆಮನೆಯಲ್ಲಿ ವಾರ್ತೆಯಾಗಿ ಬಿತ್ತರವಾಗುತ್ತಿತ್ತು.

ಕಳೆದ ವರ್ಷ ನನ್ನ ತಾಯಿ ಸೋಂಕಿನಿಂದ ಆಸ್ಪತ್ರೆ ಸೇರಿದರು. ಒಳಗೆ ಹೋಗುವಾಗ ನರ್ಸಮ್ಮ ಎಲ್ಲರಿಗೂ ಹೇಳುವಂತೆ ಮಗಳಿಗೂ ಹೇಳಿದರು: “ಕೈ ಚೆನ್ನಾಗಿ ತೊಳ್ಕೊಂಡು ಹೋಗು ಪುಟ್ಟಾ.” ಒಂಬತ್ತನೆಯ ದಿನ ಅಮ್ಮ ತೀರಿಕೊಂಡರು. ಅದಾಗಿ ಒಂದು ತಿಂಗಳಿಗೆ ಮಗಳು ಕೈ ತೊಳೆಯಲು ಶುರು ಮಾಡಿದಳು. ಊಟಕ್ಕೆ ಮುಂಚೆ ಹತ್ತು ಸಲ. ಪುಸ್ತಕ ಮುಟ್ಟುವ ಮುಂಚೆ, ಮುಟ್ಟಿದ ಮೇಲೆ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡರೆ ಮುಕ್ಕಾಲು ಗಂಟೆ. ಬೆರಳ ಸಂದಿಗಳು ಬಿರಿದವು. ಮಾತು ದಿನದಿನಕ್ಕೆ ಕಡಿಮೆಯಾಯಿತು.

ತಮ್ಮನ್ನು ಬಯ್ಯುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಾನು ಅದನ್ನು ಹಟ ಎಂದುಕೊಂಡೆ. ಒಂದು ದಿನ ರೇಗಿ, ಮಹಡಿ ಹತ್ತಿ ತೊಟ್ಟಿಯ ಕವಾಟವನ್ನೇ ತಿರುಗಿಸಿ ನೀರು ನಿಲ್ಲಿಸಿಬಿಟ್ಟೆ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಮರುದಿನದಿಂದ ಶಾಲೆಯಲ್ಲಿ ತೊಳೆಯತೊಡಗಿದಳು. ನಾಲ್ಕನೆಯ ದಿನ ಶಾಲೆಯ ಆಯಾ ಅವಳ ಎರಡೂ ಕೈಗೆ ಬಟ್ಟೆ ಸುತ್ತಿ ಮನೆಗೆ ಕರೆತಂದಳು.

“ಅಣ್ಣಾ, ಬೈಬೇಡಿ,” ಎಂದಳು ಆ ಹೆಂಗಸು. “ಸಿಂಕ್ ತುಂಬಾ ರಕ್ತ ಇತ್ತು. ಇದು ಹಟ ಅಲ್ಲ. ಮಗು ಯಾತಕ್ಕೋ ಹೆದರಿದೆ.”

ಐದನೆಯ ಮಹಡಿಯ ಅಧಿಕಾರಿಗಳೇ, ಆ ಆಯಾ ಹೈಸ್ಕೂಲು ಮುಗಿಸಿದವಳಲ್ಲ. ರೋಗವನ್ನು ಗುರುತಿಸಲು ಅವಳಿಗೆ ಅರ್ಧ ನಿಮಿಷ ಸಾಕಾಯಿತು. ತಾವು ಎಷ್ಟು ವರ್ಷ ಓದಿದಿರಿ ಎಂದು ಕೇಳಬಹುದೇ?

ಚರ್ಮದ ವೈದ್ಯರಲ್ಲಿಗೆ ಹೋದೆವು. ಮುಲಾಮು, ಪಟ್ಟಿ, ಮತ್ತೆ ಮುಲಾಮು. ನಾಲ್ಕು ಸಲದ ಚಿಕಿತ್ಸೆಯನ್ನೂ ತಮ್ಮ ಸಂಸ್ಥೆ ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡಿತು. ಐದನೆಯ ಸಲ ಆ ವೈದ್ಯರೇ ಪೆನ್ನು ಕೆಳಗಿಟ್ಟು, “ನೋಡಿ, ಗಾಯ ಇರೋದು ಕೈಯಲ್ಲಿ, ಕಾಯಿಲೆ ಇರೋದು ಕೈಯಲ್ಲಿ ಅಲ್ಲ. ನಾನು ಎಷ್ಟು ಹಚ್ಚಿದ್ರೂ ಅಷ್ಟೇ,” ಎಂದು ಮಕ್ಕಳ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು. ವಾರಕ್ಕೊಮ್ಮೆ ಆಪ್ತಸಮಾಲೋಚನೆ ಶುರುವಾಯಿತು. ಅದರ ಖರ್ಚಿಗೂ ತಮ್ಮ ಸಂಸ್ಥೆಗೆ ಅರ್ಜಿ ಹಾಕಿದೆ. ಆರನೆಯ ವಾರ ಮಗಳು ಬಾಯಿ ಬಿಟ್ಟಳು. ಸಮಾಲೋಚಕಿ ನಮ್ಮಿಬ್ಬರನ್ನೂ ಒಳಗೆ ಕರೆದು ಕೂರಿಸಿದರು. ಮಗಳು ನೆಲ ನೋಡುತ್ತಾ ಹೇಳಿದಳು: “ಅವತ್ತು ನಾನು ಕೈ ಸರಿಯಾಗಿ ತೊಳೀಲಿಲ್ಲ. ಅಜ್ಜಿಗೆ ನಾನೇ ಅಂಟಿಸಿದ್ದು.”

ಏಳು ತಿಂಗಳು ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನಮ್ಮ ಜೊತೆ ಕೂತು ಉಂಡಿದ್ದಳು. ಅವಳ ತಾಯಿ ಅವಳನ್ನು ತಬ್ಬಿಕೊಂಡಳು. ಸಮಾಲೋಚಕಿ ಹೊರಗೆ ಬಂದು, “ಬಾಗಿಲು ಈಗ ತೆರೀತು. ಇನ್ನು ಬಿಡದೆ ಬರಬೇಕು,” ಎಂದರು.

ಬಾಗಿಲು ತೆರೆದ ವಾರವೇ ತಮ್ಮ ಪತ್ರ ಬಂತು.

ಅದರ ಸಾಲುಗಳು ನನಗೆ ಬಾಯಿಪಾಠ. “ನಿಮ್ಮ ಮಗನ ಕಡತವನ್ನು ಕೂಲಂಕುಶವಾಗಿ ಪರಿಶೀಲಿಸಲಾಗಿದೆ. ಇದು ನಡವಳಿಕೆಗೆ ಸಂಬಂಧಿಸಿದ ವಿಷಯವಾಗಿದ್ದು, ವೈದ್ಯಕೀಯ ಚಿಕಿತ್ಸೆಯ ಅಗತ್ಯ ಕಂಡುಬಂದಿಲ್ಲ. ಪಾಲಕರ ಶಿಸ್ತು ಮತ್ತು ಗಮನದಿಂದ ಸರಿಹೋಗುವಂಥದ್ದು.” ಮಗನಂತೆ! ನನಗಿರುವುದು ಒಬ್ಬಳೇ ಮಗಳು. ಇನ್ನು ‘ಕೂಲಂಕುಶ’ ಎಂಬ ಪದ ಕನ್ನಡದಲ್ಲಿಲ್ಲ. ಅದು ‘ಕೂಲಂಕಷ’. ಕೂಲವೆಂದರೆ ದಡ, ದಡವನ್ನೇ ತೇಯ್ದುಕೊಂಡು ಹರಿಯುವ ಹೊಳೆಯಂತೆ, ಅಂಚು ಅಂಚನ್ನೂ ಬಿಡದೆ ನೋಡುವುದು ಎಂದು ಅರ್ಥ. ತಾವು ಹೊಳೆಯಲ್ಲಿ ಬೆರಳನ್ನೂ ಅದ್ದಿರಲಿಲ್ಲ.

ಪದದ ತಪ್ಪನ್ನು ಬಿಟ್ಟುಬಿಡುತ್ತಿದ್ದೆ. ಆದರೆ ಆ ಲಕೋಟೆಯನ್ನು ನಾನು ಮೇಜಿನ ಮೇಲೆ ಬಿಟ್ಟು ಕೆಲಸಕ್ಕೆ ಹೋದೆ, ಮಗಳು ಓದಿದಳು. ಸಂಜೆ ನಾನು ಚಪ್ಪಲಿ ಬಿಡುತ್ತಿರುವಾಗಲೇ ಕೇಳಿದಳು:

“ಅಪ್ಪಾ, ಡಾಕ್ಟ್ರೇ ಬರ್ದಿದಾರೆ ನಂಗೇನೂ ಇಲ್ಲ ಅಂತ. ಹಾಗಾದ್ರೆ ನಾನು ಸುಮ್ನೆ ನಾಟಕ ಮಾಡ್ತಿದೀನಾ?”

“ಅವ್ರಿಗೇನು ಗೊತ್ತು? ಅವ್ರು ನಿನ್ನ ನೋಡೇ ಇಲ್ವಲ್ಲ, ಕಂದಾ.”

“ನೋಡ್ದೆ ಯಾರಾದ್ರೂ ಸಹಿ ಹಾಕ್ತಾರಾ?”

ಇದಕ್ಕೆ ಉತ್ತರ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸಾಲ ಮಾಡಿಯಾದರೂ ಸಮಾಲೋಚನೆಗೆ ಕರೆದೊಯ್ಯುತ್ತೇವೆ ಎಂದೆವು. “ನಾಟಕಕ್ಕೆಲ್ಲ ಯಾಕೆ ಖರ್ಚು,” ಎಂದಳು. ಆ ಕೋಣೆಗೆ ಕಾಲಿಡಲು ಒಪ್ಪಲೇ ಇಲ್ಲ. ಐದು ವಾರದ ನಂತರ ಒಂದು ಭಾನುವಾರ, ನಾವಿಬ್ಬರೂ ಮನೆಯಲ್ಲೇ ಇದ್ದಾಗ, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನೆಲ ತೊಳೆಯುವ ದ್ರಾವಣವನ್ನು ಬಕೆಟ್ಟಿಗೆ ಸುರಿದು ಎರಡೂ ಕೈಗಳನ್ನು ಮೊಣಕೈವರೆಗೆ ಅದ್ದಿ ಕೂತಿದ್ದಳು. ಬಾಗಿಲು ಒಡೆದದ್ದು ಪಕ್ಕದ ಮನೆಯ ಬಡಗಿ.

ಹನ್ನೊಂದು ದಿನ ಆಸ್ಪತ್ರೆ. ಆ ಹನ್ನೊಂದು ದಿನದ ಚಿಕಿತ್ಸೆಗೆ ತಮ್ಮ ಸಂಸ್ಥೆ ಒಂದೇ ದಿನದಲ್ಲಿ ಒಪ್ಪಿಗೆ ಕೊಟ್ಟಿತು. ಸುಟ್ಟ ಚರ್ಮ ತಮಗೆ ಕಾಣುತ್ತದೆ. ಸುಡುತ್ತಿರುವ ಮಗು ಕಾಣುವುದಿಲ್ಲ. ಇಷ್ಟಾದ ಮೇಲಾದರೂ ಕಣ್ಣು ತೆರೆಯಬಹುದೆಂದು ಆಸ್ಪತ್ರೆಯ ವರದಿಯನ್ನೇ ಲಗತ್ತಿಸಿ ಮೇಲ್ಮನವಿ ಹಾಕಿದೆ. ಆರು ದಿನಕ್ಕೆ ಎರಡನೆಯ ಪತ್ರ ಬಂತು. ‘ನಿಮ್ಮ ಮಗನ ಕಡತ’, ‘ಕೂಲಂಕುಶ’, ‘ಶಿಸ್ತು ಮತ್ತು ಗಮನ’. ಒಂದು ಅಲ್ಪವಿರಾಮವೂ ಬದಲಾಗಿರಲಿಲ್ಲ.

ಅವತ್ತು ನನ್ನೊಳಗೆ ಏನೋ ತಣ್ಣಗಾಯಿತು. ಕೂಗಾಡುವ ಸಿಟ್ಟಿಗಿಂತ ಈ ತಣ್ಣನೆಯ ಸಿಟ್ಟು ಹೆಚ್ಚು ದಿನ ಬಾಳುತ್ತದೆ ಎಂಬುದು ಈಗ ತಮಗೂ ತಿಳಿದಿರಬೇಕು. ತಮ್ಮ ಕಚೇರಿಗೆ ಫೋನ್ ಮಾಡಿದೆ. ಎತ್ತಿಕೊಂಡ ಹುಡುಗಿ ಮೊದಲು ಪಾಠ ಒಪ್ಪಿಸಿದಳು: “ಸರ್, ಸಿಸ್ಟಮ್‌ನಲ್ಲಿ ನಿಮ್ಮ ಕೇಸ್ ಕ್ಲೋಸ್ ಆಗಿದೆ.” ನಾನು ಬಕೆಟ್ಟಿನ ವಿಷಯ ಹೇಳಿದೆ. ಅವಳು ದನಿ ತಗ್ಗಿಸಿ, “ಸರ್, ನಾನು ಹೇಳ್ದೆ ಅನ್ಬೇಡಿ. ಮಕ್ಕಳ ಕೇಸಿಗೆಲ್ಲಾ ಅದೇ ಪತ್ರ ಹೋಗುತ್ತೆ,” ಎಂದಳು.

ರಜೆ ಹಾಕಿ ಸಮಾಲೋಚನಾ ಕೇಂದ್ರದ ಕಾಯುವ ಕೋಣೆಯಲ್ಲಿ ಹೋಗಿ ಕೂತೆ. ಗೋಡೆಗುಂಟ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ನಾಚಿಕೆಯನ್ನು ಎಲ್ಲರೂ ಮನೆಯಿಂದಲೇ ತಂದಿರುತ್ತಾರೆ. ಪಕ್ಕದಲ್ಲಿ ಕೂತ ಟ್ಯಾಕ್ಸಿ ಚಾಲಕನಿಗೆ ನನ್ನ ಪತ್ರ ತೋರಿಸಿದೆ.

“ನಂಗೂ ಇದೇ ಬಂದಿದೆ ಸಾರ್. ಗಾಡೀಲೇ ಇದೆ, ತರ್ಲಾ?”

ಅವನ ಮಗ ಎರಡು ವರ್ಷದಿಂದ ಶಾಲೆಯ ಗೇಟು ಕಂಡರೆ ವಾಂತಿ ಮಾಡುತ್ತಾನೆ. ಊಟ ಬಿಟ್ಟು ಕಡ್ಡಿಯಾದ ಇನ್ನೊಬ್ಬ ಹುಡುಗಿಯ ತಾಯಿ ಸ್ವತಃ ನರ್ಸು, ಅವಳಿಗೂ ಅದೇ ಪತ್ರ. ಎರಡು ತಿಂಗಳಲ್ಲಿ ನನ್ನದೂ ಸೇರಿ ಮೂವತ್ತೆಂಟು ಮನೆಗಳ ಪತ್ರಗಳು ಸಿಕ್ಕವು. ಮೂವತ್ತೆಂಟೂ ‘ಮಗ’, ಮೂವತ್ತೆಂಟೂ ‘ಕೂಲಂಕುಶ’. ತಪ್ಪು ಹುಡುಕುವುದೇ ನನ್ನ ಕಸುಬು, ಅಧಿಕಾರಿಗಳೇ. ಇಷ್ಟು ಹುಲುಸಾದ ಬೆಳೆಯನ್ನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ.

ಇನ್ನೊಂದು ವಿಷಯ ತಮಗೆ ಗೊತ್ತಿರಲಿಲ್ಲ. ತಮ್ಮ ಸಂಸ್ಥೆಯ ಪಾಲಿಸಿ ಪುಸ್ತಿಕೆ ಅಚ್ಚಾಗುವುದು ನಮ್ಮಲ್ಲೇ. ಅದರ ಕರಡು ತಿದ್ದಿದವನು ನಾನೇ. ಮೂವತ್ತೇಳನೆಯ ಪುಟದಲ್ಲಿ ಒಂದು ಸಾಲಿದೆ: “ಹದಿನೆಂಟು ವರ್ಷದೊಳಗಿನ ಮಕ್ಕಳ ಮಾನಸಿಕ ಹಾಗೂ ವರ್ತನೆಯ ತೊಂದರೆಗಳ ಚಿಕಿತ್ಸೆಗೆ, ದೈಹಿಕ ಚಿಕಿತ್ಸೆಗೆ ಇರುವಷ್ಟೇ ರಕ್ಷಣೆ ಇರುತ್ತದೆ.” ಅದನ್ನು ತಿದ್ದುವಾಗ, ಪರವಾಗಿಲ್ಲ, ಒಳ್ಳೆಯ ಮಾತು ಎಂದುಕೊಂಡಿದ್ದೆ. ಕೊಟ್ಟ ಮಾತನ್ನು ತಾವೇ ಓದಿರಲಿಲ್ಲ ಎಂದು ಆಗ ಹೇಗೆ ಊಹಿಸಲಿ?

ಪುಸ್ತಿಕೆಯನ್ನೂ ಮೂವತ್ತೆಂಟು ಪತ್ರಗಳನ್ನೂ ವಿಮಾ ತಕರಾರು ಪೀಠದ ಮುಂದಿಟ್ಟೆ. ವಿಚಾರಣೆಗೆ ತಾವು ಬರಲಿಲ್ಲ. ಇಸ್ತ್ರಿ ಮುರಿಯದ ಕೋಟಿನ ಪ್ರತಿನಿಧಿಯನ್ನು ಕಳುಹಿಸಿದಿರಿ. ಆತ ಎದ್ದು ನಿಂತು ಏನು ಹೇಳಿದ, ಗೊತ್ತೇ? “ಮೂವತ್ತೇಳನೇ ಪುಟದ ಸಾಲು ಮುದ್ರಣ ದೋಷ, ಮೇಡಂ. ಅಚ್ಚಿನ ಮನೆಯವರ ತಪ್ಪು.”

ಮಕ್ಕಳನ್ನು ಕೈಬಿಟ್ಟದ್ದು ಸಾಲದೆಂದು ನನ್ನ ಅನ್ನಕ್ಕೂ ಕೈ ಹಾಕಿದಿರಿ. ಮರುದಿನ ಯಜಮಾನರು ನನ್ನನ್ನು ಕರೆದರು. ಕೆಲಸ ಹೋಯಿತೆಂದೇ ಒಳಗೆ ಹೋದೆ. ಮುದುಕರು ಕನ್ನಡಕ ಹಣೆಗೇರಿಸಿ ಬೀರುವಿನ ಬೀಗ ತೆಗೆದರು. “ಮೂವತ್ತು ವರ್ಷದಿಂದ ಒಂದು ಕರಡೂ ಎಸೆದಿಲ್ಲ ಕಣಯ್ಯಾ. ನನ್ನ ಹೆಂಡತಿ ಬೈತಾನೇ ಇರ್ತಾಳೆ. ಹುಡುಕು,” ಎಂದರು. ಮಧ್ಯಾಹ್ನದೊಳಗೆ ಸಿಕ್ಕಿತು. ಮೂವತ್ತೇಳನೆಯ ಪುಟದ ಅಂಚಿನಲ್ಲಿ ‘ಓದಿದ್ದೇನೆ, ಸರಿಯಿದೆ, ಮುದ್ರಿಸಬಹುದು’ ಎಂಬ ಒಪ್ಪಿಗೆ, ದಿನಾಂಕ, ಅದರ ಕೆಳಗೆ ಸಹಿ. ಆ ಸಹಿ ತಮ್ಮದು.

ಎರಡನೆಯ ವಿಚಾರಣೆಯಲ್ಲಿ ಪೀಠದ ಅಧ್ಯಕ್ಷೆ ಆ ಪುಟವನ್ನು ಪ್ರತಿನಿಧಿಯ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದರು. ಅವನ ದನಿ ಮೂರನೆಯ ಪದಕ್ಕೇ ಕುಸಿಯಿತು. “ಆ ಅಧಿಕಾರಿ ಈ ಮೂವತ್ತೆಂಟು ಕಡತಗಳಲ್ಲಿ ಎಷ್ಟನ್ನು ತೆರೆದು ನೋಡಿದ್ದಾರೆ?” ಎಂದು ಅಧ್ಯಕ್ಷೆ ಕೇಳಿದರು. ಆತ ಕಾಗದ ತಿರುವಿದ, ಫೋನ್ ನೋಡಿದ, ಕೊನೆಗೆ, “ದಾಖಲೆ ಪ್ರಕಾರ... ಒಂದೂ ಇಲ್ಲ, ಮೇಡಂ,” ಎಂದ. ಹಿಂದಿನ ಸಾಲಿನಲ್ಲಿದ್ದ ಟ್ಯಾಕ್ಸಿ ಚಾಲಕ ಅಲ್ಲೇ ಅತ್ತುಬಿಟ್ಟ. ನನಗೆ ಅಳು ಬರಲಿಲ್ಲ. ಸಂತೋಷವಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಕೋಟಿನವನ ಕುತ್ತಿಗೆಯ ಬೆವರನ್ನು ನೋಡುತ್ತ ನನಗೆ ಬಹಳ ಸಂತೋಷವಾಯಿತು. ಅಲ್ಲಿ ತಾವು ಇರಬೇಕಿತ್ತು ಎಂಬುದೊಂದೇ ಕೊರಗು.

ಮೂವತ್ತೆಂಟು ಕಡತಗಳನ್ನೂ ಹೊರಗಿನ ತಜ್ಞರಿಂದ ಮರುಪರಿಶೀಲಿಸಬೇಕು, ಅಲ್ಲಿಯವರೆಗೆ ಎಲ್ಲ ಮಕ್ಕಳ ಚಿಕಿತ್ಸೆ ನಿಲ್ಲಬಾರದು ಎಂದು ಆದೇಶವಾಗಿದೆ. ಮಗಳು ಮತ್ತೆ ಹೋಗುತ್ತಿದ್ದಾಳೆ. ಒಪ್ಪಿಸಲು ಅವಳ ತಾಯಿಗೆ ಮೂರು ವಾರ ಹಿಡಿಯಿತು. ಬಲಗೈಯ ಎರಡು ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಕೆಲವು ದಿನ ಚೆನ್ನಾಗಿರುತ್ತಾಳೆ, ಕೆಲವು ದಿನ ಇಲ್ಲ. ಪೀಠದ ಆದೇಶವನ್ನು ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ: “ಆ ಡಾಕ್ಟ್ರು ತಪ್ಪಾಯ್ತು ಅಂದ್ರಾ?”

ಇಲ್ಲ ಎಂದೆ.

ತಮ್ಮ ಸಂಸ್ಥೆ ‘ಉಂಟಾದ ಅನನುಕೂಲಕ್ಕೆ ವಿಷಾದ’ ಎಂದು ಒಂದೂವರೆ ಸಾಲು ಪ್ರಕಟಿಸಿ ಕೈತೊಳೆದುಕೊಂಡಿತು. ಅದು ನಮಗೆ ಬೇಡ. ಈ ತಿಂಗಳು ಮುಗಿಯುವುದರೊಳಗೆ ತಾವು ಮೂವತ್ತೆಂಟು ಕಡತಗಳನ್ನೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕು. ಓದಿ, ಒಂದೊಂದು ಮಗುವಿಗೂ, ಅದರದರ ಹೆಸರು ಹಿಡಿದು, ಸ್ವಂತ ಕೈಬರಹದಲ್ಲಿ ಬರೆಯಬೇಕು: ‘ನಿನ್ನ ಕಾಯಿಲೆ ನಿಜವಾಗಿತ್ತು. ನಾನು ನೋಡದೆ ಸಹಿ ಹಾಕಿದೆ.’ ಅಚ್ಚಿನ ಪತ್ರ ಬಂದರೆ ವಾಪಸು ಕಳುಹಿಸುತ್ತೇವೆ. ಇದನ್ನು ರಾಜಿಯ ದಾರಿ ಎಂದು ತಿಳಿಯಬೇಡಿ. ತಮ್ಮ ವೈದ್ಯ ಪರವಾನಗಿಯನ್ನು ರದ್ದುಪಡಿಸಬೇಕೆಂಬ ದೂರಿಗೆ ಮೂವತ್ತೆಂಟು ಮನೆಯವರೂ ಆಗಲೇ ರುಜು ಹಾಕಿದ್ದಾಗಿದೆ, ವೈದ್ಯಕೀಯ ಮಂಡಳಿ ಅದನ್ನು ಸ್ವೀಕರಿಸಿಯೂ ಆಗಿದೆ. ಬರೆದರೂ ವಿಚಾರಣೆ ನಡೆಯುತ್ತದೆ, ಬರೆಯದಿದ್ದರೂ ನಡೆಯುತ್ತದೆ. ಈ ಸಲ ಪ್ರತಿನಿಧಿಯನ್ನು ಕಳುಹಿಸುವ ಅವಕಾಶವಿಲ್ಲ. ತಾವೇ ಬರಬೇಕು. ಮೊದಲ ಸಾಲಿನ ಕುರ್ಚಿಗಳನ್ನು ನಾವು ಹಿಡಿದಿಟ್ಟಿರುತ್ತೇವೆ.

ಇಂತಿ,
ತಮ್ಮ ಮೇಲಿನ ವಿಶ್ವಾಸವನ್ನು ವಾಪಸು ಪಡೆದಿರುವ,
ಕ್ಷಮಿಸುವಷ್ಟು ದೊಡ್ಡವನಾಗಲು ಆಗದ ಒಬ್ಬ ತಂದೆ